ಒಂದು ಎಂ ಹೆಚ್ಚಿದ್ದಾಕಿ

ಕೌಲ್ ಬಜಾರಿನ ಹಿಂದಿನ ಸಂದಿಯಾಗೆ ಮಹಡಿ ಮ್ಯಾಲಿನ ಖಾನೆ,
ಹದಿನಾಲ್ಕು ಮಿಷನ್ನು, ಒಂದೇ ಫ್ಯಾನು.
ನನ್ನ ಪಾಲಿಗೆ ಬಂದದ್ದು ಸೊಂಟಪಟ್ಟಿ,
ಪಟ್ಟಿ ಮ್ಯಾಲೆ ಚರ್ಮದ ಚೀಟಿ.
ದಿನಕ್ಕೆ ಮುನ್ನೂರು ಸಲ ಹೆಸರು ಹೊಲಿತೀನಿ,
ಓದಾಕೆ ಬರಲ್ಲ.
ಯಾವ ದೇಶದ ದೊರೆಯೋ,
ಅವನ ಹೆಸರು ನಮ್ಮ ಬಳ್ಳಾರಿ ಪ್ಯಾಂಟಿಗೆ.
ಅವನಿಗೆ ಗೊತ್ತೈತಾ, ಅಂತ ಒಂದಿನ ಕೇಳಿದ್ದಕ್ಕೆ
ಸೇಟು ನಕ್ಕ: ನೀ ಗಟ್ಟಿ ಹೊಲಿ, ಸಾಕು.

ಹೋದ ಅಮಾಸಿ ಮುಂದ ಫೋನ್ ಬಂತು.
"ಎರ್ರೆಮ್ಮ, ಆಪರೇಷನ್ ಆಯ್ತಾ?"
ಯಾರಿಗೆ?
ಬಾಯಾಗೆ ದಾರ ಕಚ್ಚಿಕೊಂಡು ಕೂತಿದ್ದೆ ನಾನು.

ಇಸ್ತ್ರಿ ಹುಡುಗ ಖಾಜಾಹುಸೇನ ತನ್ನ ಫೋನಿನಾಗೆ ತೆಗೆದು ತೋರಿಸಿದ.
ನಾನೇ.
ನಾದಿನಿ ಮಗನ ತೊಟ್ಟಿಲಿಗೆ ಉಟ್ಟ ಅದೇ ಹಳದಿ ಸೀರಿ,
ಅದೇ ಮೂಗುಬಟ್ಟು, ಬಿಸಿಲಿಗೆ ಅದೇ ಅರ್ಧ ಮುಚ್ಚಿದ ಕಣ್ಣು.
"ಇಂಗ್ಲಿಷಿನ ಎಂ ಮೂರು ಹಾಕ್ಯಾರೆ ಅಕ್ಕಾ, ನಿಂದು ಎರಡೇ."
ಅಷ್ಟೇ ಫರಕು.
ಒಂದು ಹೊಲಿಗೆ ಹೆಚ್ಚು ಬಿದ್ದಷ್ಟು.
ನಮ್ಮ ಖಾನೆಯಾಗೆ ಅಂಥಾ ಪ್ಯಾಂಟು ಪಾಸಾಗ್ತಾವೆ.

ಆಕಿ ನಲವತ್ತೊಂದು ಮಂದಿಗೆ ಬರೆದಿದ್ಲು.
ನಾನು ಬರಿಯಾಕಿ ಅಲ್ಲ, ಮೈಕು ಒತ್ತಿ ಒದರಾಕಿ.
ಆಕಿ ಬರೆದದ್ದು:
ನಮಸ್ಕಾರ, ತಾವು ಹೇಗಿದ್ದೀರಿ,
ತುರ್ತಾಗಿ ಐದು ಸಾವಿರ ಬೇಕಿತ್ತು, ದಯವಿಟ್ಟು.
ತಾವು! ದಯವಿಟ್ಟು!
ಗುಂಡಿ ಹಚ್ಚೋ ಶಂಷಾದ್ ಅಲ್ಲೇ ಹಿಡಿದ್ಲಂತೆ,
"ನಮ್ಮ ಎರ್ರಿ ಆಗಿದ್ದರೆ ಬೈದು ಕೇಳ್ತಿದ್ಲು."

ಠಾಣೆಯಾಗೆ ಹೊಸ ಹುಡುಗಿ, ಸಮಾಧಾನದಾಕಿ.
"ಆ ಖಾತೆ ತೆಗಿಸಬೇಕಂದ್ರೆ
ನೀವು ನೀವೇ ಅಂತ ತೋರಿಸಬೇಕ್ರಿ ಅಮ್ಮಾ."
ಫೋನಿನ ಮುಂದ ಮುಖ ಹಿಡಿದೆ.
ಎಡಕ್ಕೆ ತಿರುಗು ಅಂತು. ಬಲಕ್ಕೆ.
ಕಣ್ಣು ಮಿಟುಕಿಸು.
ಹೆಣ್ಣು ನೋಡಾಕೆ ಬಂದವರೂ ಇಷ್ಟು ತಿರುಗಿಸಿರಲಿಲ್ಲ.
ಆಧಾರಿಗೆ ನಂಬರು ಸೇರಿಸಿಕೊಂಡು ಬಾ ಅಂತ
ಪಕ್ಕದ ಸೆಂಟರಿಗೆ ಅಟ್ಟಿದರು.
ಹೆಬ್ಬೆಟ್ಟು ಒತ್ತಿದೆ, ಕೆಂಪು ದೀಪ.
ಸೆರಗಿಗೆ ಒರೆಸಿ ಒತ್ತಿದೆ, ಕೆಂಪು.
ಹದಿನೇಳು ವರ್ಷ ಆ ದಪ್ಪ ಬಟ್ಟೆ ತಿಕ್ಕಿ ತಿಕ್ಕಿ
ಬೆರಳಿನ ಗೆರೆ ಎಲ್ಲ ಅದರಾಗೇ ಹೋಗ್ಯಾವು.
ಯಾವ ಊರಾಗೆ, ಯಾರ ಸೊಂಟದ ಮ್ಯಾಲೆ ಅದಾವೋ,
ಅಲ್ಲಿ ಹೋಗಿ ಒತ್ತಿಸಿಕೊಳ್ರಿ.

ನಲವತ್ತೊಂದು ಮಂದಿಯೊಳಗ
ರೊಕ್ಕ ಹಾಕಿದಾಕಿ ಒಬ್ಬಳೇ.
ಸಿರುಗುಪ್ಪದ ಮಾರೆಕ್ಕ. ನನ್ನ ಒಡಹುಟ್ಟಿದಾಕಿ.
ಅವ್ವನ ಬೋರಮಾಳದ ಸಲುವಾಗಿ
ಮೂರು ವರ್ಷದಿಂದ ಮಾತು ಬಿಟ್ಟಾಕಿ.
ಐದು ಕೇಳಿದ್ದಕ್ಕೆ ಎಂಟು ಹಾಕ್ಯಾಳೆ.
ಠಾಣೆ ಹುಡುಗಿ ಪಾಠ ಓದಿದಂಗೆ ಓದಿದ್ಲು:
ಎರ್ರಿ, ಯಾವ ದವಾಖಾನೆ? ಬೋರಮಾಳ ನೀನೇ ಇಟ್ಕಾ. ನಾ ಬರ್ಲಾ?
ಅದಕ್ಕೆ ಮೂರು ಎಂ ಇದ್ದಾಕಿ:
ಬರುವುದು ಬೇಡ. ಇನ್ನೂ ಎರಡು ಸಾವಿರ ಕಳುಹಿಸಿ.

ಬರುವುದು ಬೇಡ.
ಅದೊಂದು ಸಾಲಿಗೆ ಬೇರೆ ಕೇಸು ಹಾಕಾಕೆ ಬರ್ತೈತಾ,
ಕೇಳಬೇಕು ಅನ್ನಿಸ್ತು. ಕೇಳಲಿಲ್ಲ.

ರಾತ್ರಿ ನಾನೇ ಫೋನ್ ಹಚ್ಚಿದೆ.
"ಯಾರು?"
"ನಾನು."
"ನಾನು ಅಂದರೆ? ನಂಬಿ ಒಮ್ಮೆ ಕೆಟ್ಟೀನಿ.
ಖರೇ ಎರ್ರಿ ಆದರೆ ಹೇಳು,
ಅವ್ವ ತೀರಿದ ದಿನ ಒಲಿ ಮ್ಯಾಲೆ ಏನಿತ್ತು?"
"ಅನ್ನ. ಸೀದು ಹೋಗಿತ್ತು."
"ತಪ್ಪು. ಬ್ಯಾಳಿ."
"ಯಾವ ಬ್ಯಾಳಿಯೇ? ಗಡಿಗಿ ತಿಕ್ಕಿದಾಕಿ ನಾನು!"
"ನೀ ಎಲ್ಲಿದ್ದಿ? ಬಾಗಲದಾಗೆ ಬಿದ್ದು ಅಳ್ತಿದ್ದಿ,
ತಿಕ್ಕಿದಾಕಿ ನಾನು!"
ಅನ್ನ, ಬ್ಯಾಳಿ, ಅನ್ನ, ಬ್ಯಾಳಿ,
ಮುಕ್ಕಾಲು ತಾಸು.
ಗುರುತು ಸಿಕ್ಕಿದ್ದು ಯಾವಾಗಂತ ಇಬ್ಬರಿಗೂ ತಿಳಿಲಿಲ್ಲ.
ಮಾರೆಕ್ಕ ನಡುವೆ ಒಮ್ಮೆ ಮೂಗು ಸೀಟಿದ್ಲು.

ಆ ಎಂಟು ಸಾವಿರ ಮಾತ್ರ ಇನ್ನೂ ಬಗೆಹರಿದಿಲ್ಲ.
"ನಿನ್ನ ಹೆಸರಿಗೆ ಕೊಟ್ಟೀನಿ,
ನೀನೇ ತೀರಿಸು" ಅಂತಾಳೆ.