ಬಿಟ್ಟ ಸಾಲು

ಇವತ್ತು ಲಾಸ್ತಾದ ಬೆಟ್ಟದಲ್ಲಿ
ಯಾರೂ ಯಾರ ಕೆನ್ನೆಗೂ ಮುತ್ತಿಡುವುದಿಲ್ಲ.
ಯೂದನ ಮುತ್ತನ್ನು ನೆನೆಯುವ ದಿನ.
ನನಗೆ ಅದೇ ಸಮಾಧಾನ:
ಪಕ್ಕದಲ್ಲೇ ಯಲ್ಗಾನೆಶ್ ನಿಂತಿದ್ದರೂ
ಮುಖ ತಿರುಗಿಸಿದ್ದು ಭಕ್ತಿಯ ಲೆಕ್ಕಕ್ಕೆ ಹೋಗುತ್ತದೆ.

ಹದಿನೆಂಟು ವರ್ಷ.
ಮಿಡತೆ ಎದ್ದ ವರ್ಷ ಅವಳ ಕಣಜದ ತಳ ಕಂಡಾಗ
ಒಂದು ಬುಟ್ಟಿ ತೆಫ್ ಅಳೆದುಕೊಟ್ಟೆ,
ತಟ್ಟಿ ತುಂಬಿ, ಮೇಲೆ ಗೋಪುರ ಬರುವಂತೆ.
ಸಾಸಿವೆಗಿಂತ ಸಣ್ಣ ಕಾಳು ಅದು,
ಕೈಜಾರಿದರೆ ಹುಡುಕುವಂತಿಲ್ಲ.
ಸುಗ್ಗಿಗೆ ಕೇಳಿದರೆ, ಬಾವಿಯ ಹತ್ತಿರ, ಎಲ್ಲರೆದುರು,
‘ಯಾವ ಬುಟ್ಟಿ?’ ಅಂದಳು.
ಕಾಳು ಹೋದದ್ದಕ್ಕಲ್ಲ.
ಕಾಳಿನ ಜೊತೆ ಬುಟ್ಟಿಯೂ ಹೋಯಿತಲ್ಲ,
ನನ್ನವ್ವ ಹೆಣೆದದ್ದು, ಅಂಚಿಗೆ ಕೆಂಪು ಹುಲ್ಲು ಸೇರಿಸಿ.

ಅಂದಿನಿಂದ ಬೆಳಗಿನ ಪ್ರಾರ್ಥನೆಯಲ್ಲಿ
ಒಂದು ಸಾಲು ಬಿಡುತ್ತೇನೆ.
ಪರಲೋಕದ ಅಪ್ಪನನ್ನು ಕರೆಯುತ್ತೇನೆ, ರೊಟ್ಟಿ ಕೇಳುತ್ತೇನೆ,
‘ನಮ್ಮ ಸಾಲ ಮನ್ನಾ ಮಾಡು’ ಎಂದೂ ಗಟ್ಟಿಯಾಗಿಯೇ ಕೇಳುತ್ತೇನೆ.
ಆಮೇಲೆ ಬರುವ ‘ನಾವು ಮಾಡಿದ ಹಾಗೆ’,
ಅಲ್ಲಿ ಒಂದು ಉಸಿರು ಎಳೆದುಕೊಂಡು
ಹಳ್ಳ ದಾಟುವ ಮೇಕೆಯಂತೆ ಆಚೆ ದಡಕ್ಕೆ ಹಾರುತ್ತೇನೆ.
ದೇವರಿಗೆ ಕಿವಿ ಮಂದವಲ್ಲ, ಗೊತ್ತು.

ಇಗರ್ಜಿಯ ಅಂಗಳದಲ್ಲಿ ಅಬ್ಬಾ ಮೆರ್ಹಾವಿ
ಆಲಿವ್ ರೆಂಬೆ ಹಿಡಿದು ಕೂತಿದ್ದರು.
ಬಗ್ಗಿ ಅವರ ಕಿವಿಗೆ ಹೇಳಿದೆ: ಉಪವಾಸದಲ್ಲಿ ಬೆಣ್ಣೆಯ ಬೆರಳು ನೆಕ್ಕಿದ್ದು,
ಸೊಸೆಯನ್ನು ಬೈದದ್ದು.
‘ಮತ್ತೆ?’
ಮತ್ತೇನಿಲ್ಲ ಅಂದೆ.
ಬೆನ್ನಿಗೆ ಎಲೆ ತಾಗಿತು. ಏಟು ಅನ್ನುವಂತಿಲ್ಲ,
ಮಲಗಿದ ಮಗುವಿನ ಮೇಲಿಂದ ನೊಣ ಓಡಿಸಿದಷ್ಟು.
‘ನಲವತ್ತೊಂದು ಅಡ್ಡಬೀಳು’ ಅಂದರು.
ರೆಂಬೆ ಇಳಿಸದೆ,
‘ಹೇಳದೆ ಉಳಿಸಿಕೊಂಡದ್ದಕ್ಕೆ ಇನ್ನೊಂದು ನಲವತ್ತೊಂದು.’

ಹಣೆ ಕಲ್ಲಿಗೆ. ಐದು. ಹಣೆ ಕಲ್ಲಿಗೆ.
ಆರು. ಏಳು. ಎದ್ದೆ.
ಬಡಗಿಯ ಮನೆಯಲ್ಲಿ ಬೆಳೆದ ದೇವರು,
ಹಸಿವು, ದಣಿವು, ಅಳು ಎಲ್ಲ ನಮ್ಮ ಹಾಗೆಯೇ ಇದ್ದವನು,
ಯಾರಾರದೋ ಸಾಲಕ್ಕೆ ತನ್ನ ಮೈಯನ್ನೇ ಜಾಮೀನಿಟ್ಟನಂತೆ.
ಅಲ್ಲಿ ಪತ್ರ ಹರಿದಾಗಿದೆ;
ಇಲ್ಲಿ ಒಬ್ಬಳು ಇನ್ನೂ
ಲೆಕ್ಕದ ಹುರಿಗೆ ಗಂಟು ಹಾಕುತ್ತ ಕೂತಿದ್ದಾಳೆ.
ಇದು ಅಬ್ಬಾ ವರ್ಷವರ್ಷವೂ ಹೇಳುವ ಮಾತು.
ತಲೆಗೆ ಎಂದೂ ಹೋಗಿರಲಿಲ್ಲ.
ಮೊಣಕಾಲಿಗೆ ಹೋಯಿತು,
ಐವತ್ತಮೂರನೆಯ ಸಲ ಏಳಲಾರದೆ ಕೂತಾಗ.

ಆಗ ಪಕ್ಕದ ದನಿ ಕೇಳಿಸಿತು.
ನನಗಿಂತ ಆರು ವರ್ಷ ದೊಡ್ಡವಳು, ಇನ್ನೂ ಬೀಳುತ್ತಿದ್ದಾಳೆ, ಏಳುತ್ತಿದ್ದಾಳೆ.
ಜನವೆಲ್ಲ ಒಟ್ಟಿಗೆ ಅದೇ ಪ್ರಾರ್ಥನೆ ಎತ್ತಿಕೊಂಡರು.
ರೊಟ್ಟಿಯವರೆಗೆ ಬಂದಳು.
‘ನಮ್ಮ ಸಾಲ’ ಬಂದೊಡನೆ ತುಟಿ ಕಚ್ಚಿದಳು.
ಆಮೇಲೆ, ನಾನು ನಿಲ್ಲಿಸುವ ಕಡೆಯಿಂದಲೇ,
‘ನಾವು ಮಾಡಿದ ಹಾಗೆ’, ಗಟ್ಟಿಯಾಗಿ.

ಹದಿನೆಂಟು ವರ್ಷ
ನಾನು ಬಿಟ್ಟ ಅರ್ಧವನ್ನು ಅವಳು ಹೇಳುತ್ತಿದ್ದಳು;
ಕೇಳಲು ಬಾಯಿ ಬಾರದೆ ಅವಳು ಬಿಟ್ಟ ಅರ್ಧವನ್ನು
ನಾನು.

ನಗು ಬಂತು.
ಶಿಲುಬೆಗೆ ಕಪ್ಪು ಬಟ್ಟೆ ಸುತ್ತಿದ ಶುಕ್ರವಾರ ನಗಬಾರದು.
ಹಣೆಯನ್ನು ಕಲ್ಲಿಗೊತ್ತಿ ನಕ್ಕೆ.
ಎಂಬತ್ತೆರಡು ಮುಗಿಯಿತೋ ಇಲ್ಲವೋ, ಎಣಿಕೆ ತಪ್ಪಿತು.
ಅಬ್ಬಾ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಹಸಿ ಜೊಂಡು ಹಂಚಿದರು, ತಲೆಗೆ ಕಟ್ಟಿಕೊಳ್ಳಲು;
ಪ್ರಳಯ ಇಳಿಯಿತೆಂದು ಪಾರಿವಾಳ ತಂದ ಹಸಿರಿನ ಗುರುತು.
ನನ್ನದು ಸಡಿಲಾಗಿ ಕಣ್ಣಿಗಿಳಿಯಿತು.
ಹಿಂದಿನಿಂದ ಎರಡು ಕೈ ಬಂದು ಗಂಟು ಬಿಗಿದವು.
ತಿರುಗಿ ನೋಡಲಿಲ್ಲ.
ಮುತ್ತಿಗೆ ಇನ್ನೂ ಒಂದು ರಾತ್ರಿ ಇದೆ.

ಕೋಳಿಗಿಂತ ಮೊದಲು ಗಂಟೆ ಹೊಡೆಯುತ್ತದೆ.
ಅವನು ಎದ್ದ ಎಂದು ಕೂಗುತ್ತಾರೆ.
ಕೆನ್ನೆ ಕೊಡಬೇಕಾಗುತ್ತದೆ, ಮೂರು ಸಲ.
ಬುಟ್ಟಿ ಇನ್ನೂ ಬಂದಿಲ್ಲ.
ಕೆಂಪು ಅಂಚು ಈಗ
ಬಣ್ಣ ಬಿಟ್ಟಿರಬೇಕು.