ನೂರ ಮೂವತ್ತೇಳನೆಯ ಮೆಟ್ಟಿಲು

ನಲವತ್ತು ಗಂಟೆ ಎಂದು ಅಚ್ಚಾಗಿತ್ತು ನಮೂನೆಯಲ್ಲಿ.
ಕೆಳಗೆ ಎರಡು ಗೆರೆ ಖಾಲಿ:
ಈ ಸೇವೆಯಿಂದ ನೀವು ಕಲಿತದ್ದೇನು?

ಎಲ್ಮೆರನ ಬಲಗೈಗೆ ಆಗಿನ್ನೂ ಬ್ಯಾಂಡೇಜು.
ತರಗತಿಯ ಕಿಟಕಿಗೆ ಗುದ್ದಿದ್ದ.
ಯಾಕೋ ಎಂದರೆ, ಗಾಜನ್ನೇ ಕೇಳಿ ಎಂದಿದ್ದ.
ನಾನೇ ಕಳಿಸಿದೆ ಅವನನ್ನು
ಲೀಮಾದ ತೆಂಕಣ ಬೋಳುಗುಡ್ಡಕ್ಕೆ,
ಮಳೆಯೇ ಬಾರದ ಊರಿನ ಮಂಜು
ಹಿಂಡದ ಬಟ್ಟೆಯಂತೆ ಚಳಿಗಾಲವಿಡೀ ನೇತಾಡುವಲ್ಲಿಗೆ.
ಅವನ ಒಳಿತಿಗೆಂದೇ? ಸುಳ್ಳು ಹೇಳಲಾರೆ.
ಶುಕ್ರವಾರಗಳಾದರೂ ನನಗೆ ತಣ್ಣಗಿರಲಿ ಎಂದು.

ಅಲ್ಲಿ ದೋನ್ಯಾ ಸಾತುರ್ನಿನಾಳ ಹತ್ತುಮಂದಿಯ ಒಲೆ.
ತೊಂಬತ್ತು ತಟ್ಟೆ, ಒಂದೇ ಹಂಡೆ.
ಕೈ ನೋಡಿದಳು, ಮುಖ ನೋಡಲಿಲ್ಲ.
"ಎಡಗೈ ನೆಟ್ಟಗಿದೆಯಲ್ಲ, ನೀರು ಹೊರು."

ಟ್ಯಾಂಕರ್ ನಿಲ್ಲುವುದು ಕೆಳಗೆ, ರಸ್ತೆಯಲ್ಲಿ.
ಒಲೆ ಇರುವುದು ಇನ್ನೂರ ಹನ್ನೆರಡು ಮೆಟ್ಟಿಲ ಮೇಲೆ.

ಮೊದಲ ವಾರ ಅರ್ಧ ಬಕೆಟ್ಟು ತುಳುಕಿಸಿ
ಉಳಿದರ್ಧವನ್ನು ಒದ್ದನಂತೆ.
ಯಾರೂ ಬಯ್ಯಲಿಲ್ಲ.
ಸಾರು ಸಾಲದೆ ಆರು ತಟ್ಟೆ ಕಡಿಮೆ ಬಿತ್ತು, ಅಷ್ಟೆ.
ಸಾಲಿನ ತುದಿಯಲ್ಲಿದ್ದ ನಯ್ದಾ, ಏಳು ವರ್ಷದವಳು,
ಖಾಲಿ ಪಾತ್ರೆಯನ್ನು ಟೋಪಿಯಂತೆ ತಲೆಗೆ ಕವುಚಿಕೊಂಡು
ಹಾಡುತ್ತ ಮನೆಗೆ ಹೋದಳು.
ಅತ್ತಿದ್ದರೆ ತಡೆದುಕೊಳ್ಳುತ್ತಿದ್ದನೇನೋ.
ಆ ರಾತ್ರಿ ಅವನು ಉಣ್ಣಲಿಲ್ಲವೆಂದು
ಅವನಕ್ಕ ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಹುಡುಗ ಬದಲಾದ ಎನ್ನಬೇಡಿ.
ಆಗಸ್ಟಿನಲ್ಲಿ ಮತ್ತೆ ಯಾರೊಂದಿಗೋ ಜಟಾಪಟಿ, ಕೈ ಎತ್ತಿದ.
ಎತ್ತಿದ ಕೈ ಅಲ್ಲೇ ಒಂದು ಗಳಿಗೆ ನಿಂತಿತು.
ಆಮೇಲೆ, ತುಂಬಿದ ಬಕೆಟ್ಟು ಇಳಿಸುವವನ ಹಾಗೆ,
ಚೆಲ್ಲದಂತೆ ಕೆಳಗಿಳಿಸಿ
ಹೊರಗೆ ಹೋಗಿ ನಲ್ಲಿಗೆ ತಲೆಯೊಡ್ಡಿದ.

ಅಕ್ಟೋಬರಿಗೆ ನಮೂನೆಗಳು ಬಂದವು.
ತಾಳ್ಮೆ, ಸಹಾನುಭೂತಿ, ಕೂಡಿ ದುಡಿಯುವುದು:
ನಾನು ಹಲಗೆಯ ಮೇಲೆ ಬರೆದುಕೊಟ್ಟ ಮಾತುಗಳನ್ನೇ
ಉಳಿದವರೆಲ್ಲ ದುಂಡಗೆ ಇಳಿಸಿಕೊಂಡಿದ್ದರು.
ಎಲ್ಮೆರ್ ಬರೆದದ್ದು:
*ನೂರ ಮೂವತ್ತೇಳನೆಯ ಮೆಟ್ಟಿಲು ಅಲ್ಲಾಡುತ್ತದೆ.
ಹಿಂದೆ ಬರುವವರಿಗೆ ಕೂಗಿ ಹೇಳಬೇಕು.*
ಗಂಟೆಗಳ ಕಲಮು ಖಾಲಿ. ಎಣಿಸಿರಲಿಲ್ಲ.

ಇದಕ್ಕೆ ಎಷ್ಟು ಅಂಕ? ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ.
ಶನಿವಾರ ನಾನೇ ಹತ್ತಿದೆ, ಮೊದಲ ಸಲ,
ಮೆಟ್ಟಿಲು ಎಣಿಸುತ್ತ.
ನೂರಿಪ್ಪತ್ತು ದಾಟಿದ ಮೇಲೆ ಉಸಿರು ಸಿಕ್ಕಿ ಲೆಕ್ಕ ತಪ್ಪಿತು.
ಕಾಲೆತ್ತಿ ನಿಂತಿದ್ದೆ.
ಮಂಜಿನೊಳಗೆ ಎಲ್ಲೋ ಮೇಲಿಂದ,
ಬಕೆಟ್ಟಿನ ಹಿಡಿಕೆಯ ಕಿರಕಿರದ ಜೊತೆ, ಒಂದು ಒಡಕು ದನಿ:
"ಮೇಷ್ಟ್ರೇ, ಅದೇ. ಅದರ ಮೇಲೆ ಬೇಡ."