ಪ್ರೂಫಿನ ಹಿಂಬದಿ

ಹಳೇ ಮಷೀನು ಹೋದದ್ದು ಮಂಗಳವಾರ.
ಹೊಗಿ ಇಲ್ಲ, ಸಪ್ಪಳ ಇಲ್ಲ,
ಉಂಡು ಮಲಗಿದ ಮುದುಕಿ ಹಂಗ ತಣ್ಣಗಾತು.

ಇಪ್ಪತ್ತೆರಡು ವರ್ಷದ ಲಗ್ನಪತ್ರ, ತೊಟ್ಟಿಲ ಕಾರ್ಡು,
ಕಿರಾಣಿ ಅಂಗಡಿ ಉದ್ಘಾಟನಿ, ಶಿವಗಣಾರಾಧನಿ,
ಎಲ್ಲಾ ಇದ್ದವು ಡಿಸ್ಕಿನ್ಯಾಗ, ಒಂದೂ ಹೋಗಿಲ್ಲ.
ಹೊಸ ಡಬ್ಬಿಯೊಳಗ ತಗದ್ರ ಮಾತ್ರ
'ಚಿರಂಜೀವಿ' ಅನ್ನೂದು ಬರೇ ಚೌಕ, ಕೊಕ್ಕಿ, ಡಾಲರು.

ದಸ್ತಗೀರ ಬಂದಾ, ಕಿಸೆದಾಗ ಮೂರು ಪೆನ್‌ಡ್ರೈವು.
"ಕಸ್ತೂರಕ್ಕಾ, ಹೊಸಾದರ ಹೊಟ್ಟ್ಯಾಗ ಹಳೇದನ್ನ ಕೂಡಸೂಣು.
ತಾ ಇನ್ನೊಂದರ ಒಳಗದೀನಿ ಅಂತ ಅದಕ್ಕ ಗೊತ್ತs ಆಗೂದಿಲ್ಲ.
ಮೂರು ಥರದ ಸಾಫ್ಟ್‌ವೇರ್ ಅವ. ಯಾವುದು ಛಲೋ
ನಾ ಹೇಳೂದಿಲ್ಲ. ನೀನs ಅಳಿ."

ಅಳದೆ.
ಓಟದ ಪಂದ್ಯಕ್ಕಂತ ತಮ್ಮನ ಮಗಳು ತಂದಿದ್ದ
ಸ್ಟಾಪ್‌ವಾಚ್ ಇಸಗೊಂಡು,
ರದ್ದಾದ ಪ್ರೂಫಿನ ಹಿಂಬದಿ ಗೀಟ ಹೊಡದು,
ಒಂದೊಂದನ್ನ ಮೂರು ಮೂರು ಸಲ.

ಒಂದನೇದು ಎದ್ದು ಕೂಡಾಕ ಇಪ್ಪತ್ತಾರು ಸೆಕೆಂಡ್.
ಬೆರಳಿಗಿಂತ ಮುಂದ ಓಡೂ ಬಾಣ.
ಆದ್ರ ನಮ್ಮ ಅಕ್ಷರದ ಸಾಫ್ಟ್‌ವೇರಿಗೆ ಒಂದು ಕೀಲಿ ಐತಿ,
ಮಷೀನಿನ ಹಿಂದ ಚುಚ್ಚೂ ಹಸರ ತುಂಡು.
ಅದನ್ನ ಹೊಚ್ಚಲದಾಚೆ ನಿಂದರಿಸಿ
"ಯಾರ್ರೀ ನೀವು?" ಅಂತು. ಮೂರೂ ಸಲ.

ಎರಡನೇದು ಪುಕ್ಕಟೆ. ನಲವತ್ತೊಂದು.
ಕೀಲಿ ಒಪ್ಪಿಕೊಂಡ್ತು, ಮೌಸಿಗೆ ಮಾತ್ರ ಚಳಿಜ್ವರ.
ಹತ್ತು ಸಲ 'ಶ್ರೀ' ಹಿಡೀಲಿಕ್ಕೆ ಹೋಗಿ
ಏಳು ಸಲ ಬಾಜೂಕಿನ ಗಣಪತೀನ್ನ ಎಳಕೊಂಡು ಬಂದೆ.

ಮೂರನೇದು ಒಂದು ನಿಮಿಷ ಹತ್ತೊಂಬತ್ತು.
ಫ್ಯಾನಿನ ಸಪ್ಪಳಕ್ಕ ಎದುರಿನ ಟೇಲರ್ ಎದ್ದು ಬಂದ,
ಗಿರಣಿ ಯಾವಾಗ ಇಟ್ಟ್ರಿ ಅಂತ.
ಎಂಟರಾಗ ನಾಕು ಮೆಮರಿ ತನಗs ಬೇಕಂತ ಅದಕ್ಕ:
ಬೀಗರು ಬಂದು ಪಡಸಾಲಿ ಹಿಡದಂಗ,
ಮನಿಯವರು ಒಲಿ ಮುಂದ ಕುಂತು ಉಂಡಂಗ.
ಎರಡಕ್ಕ ಇಳಿಸಿ ನೋಡಿದೆ. ಬೀಗರು ಸಿಟ್ಟಿಗೆದ್ದರು. ಎರಡು ನಿಮಿಷ ನಾಕು.

ನಡುವ ಕರೆಂಟು ಹೋದ ಸಾಲು ಹೊಡದು ಹಾಕೀನಿ.
ಮಧ್ಯಾಹ್ನ ತಗಡು ಕಾದ್ರ ಅದs ಮಷೀನು
ಒಂಬತ್ತು ಸೆಕೆಂಡ್ ಹಿಂದ ಬೀಳತೈತಿ,
ಹಂಗಾಗಿ ಮೂರನ್ನೂ ಮರುದಿನ ಮುಂಜಾನೆ ಮತ್ತ.
ಯಾರಿಗೂ ಅನ್ಯಾಯ ಆಗಬಾರದು.

ಪರೀಕ್ಷಾಕ್ಕ ಒಂದು ಫೈಲು ಬೇಕಲ್ಲ,
ಭಾರ ಇದ್ದದ್ದು ನೋಡಿ ತಗದೆ.
ಯಾರದೋ ಲಗ್ನ, ಹೂವಿನ ಚೌಕಟ್ಟು ಎರಡು ಸುತ್ತು.
ಸ್ಥಳ: ವಧುವಿನ ಸ್ವಗೃಹ,
ಕಿಲ್ಲೇದ ಹಿಂದಿನ ಓಣಿ, ಬಾಗಲಕೋಟೆ.

ಆ ಓಣಿ ಈಗ ಹಿನ್ನೀರಿನ ಬುಡಕ.
ನಾ ಕುಂತಿರೂದು ನವನಗರ. ಇಲ್ಲಿ ಓಣಿಗೆ ಹೆಸರಿಲ್ಲ,
ಸೆಕ್ಟರು, ಅದಕ್ಕೊಂದು ನಂಬರು.

ಒಂದನೇದರಾಗ ಆ ಓಣಿ ಬರಲೇ ಇಲ್ಲ.
ಎರಡನೇದರಾಗ ಬಂತು, ಅಲಗ್ಯಾಡಿಕೋತ,
ಮ್ಯಾಲಿಂದ ಬಗ್ಗಿ ನೋಡಿದಂಗ.
ಮೂರನೇದರಾಗ ತಡಾ ಮಾಡಿ,
ಮೊದಲು ಮೈ, ಆಮ್ಯಾಲ ಗುಣಿಸು,
ಕಟ್ಟಕಡೀಗೆ 'ಲ್ಲೇ'ದ ಒತ್ತು,
ತನ್ನ ಜಾಗಾ ಹುಡುಕಿ ಕೆಳಗ ಕುಂತಿತು.
ಅಳದೆ ಅಳದೆ: ಹದಿನಾಕು ಸೆಕೆಂಡ್.
ಕಾಲಮ್ಮಿನ್ಯಾಗ ಬರದೆ.

ರಾತ್ರಿ ಅದನ್ನ ಹಂಗs ಮಲಗಿಸಿ ಹೋಗಿದ್ದೆ.
ಮುಂಜಾನೆ ಎಬ್ಬಿಸಿದ್ರ ಒಳಗಿನ ಗಡಿಯಾರದಾಗ
ಇನ್ನೂ ನಿನ್ನಿ ರಾತ್ರಿ, ಒಂಬತ್ತೂ ಹತ್ತು.
ಹೊರಗ ಬಿಸಿಲು, ಬೆಂಚಿನ ಮ್ಯಾಲ ಗದ್ದನಕೇರಿಯವರು:
"ಹನ್ನೆರಡೂ ಮೂವತ್ತೆರಡಕ್ಕ ಅಕ್ಕಿಕಾಳು.
ನಿಮಿಷ ತಪ್ಪಬಾರದ್ರಿ ಅಕ್ಕಾರ."

ದಸ್ತಗೀರ ಫೋನ್ ಮಾಡಿದ, ಯಾವುದು ಗೆದ್ದತು ಅಂತ.
ವೇಗದಾಗ ಒಂದನೇದು, ರೊಕ್ಕದಾಗ ಎರಡನೇದು, ಅಂದೆ.
ಮತ್ತ ನೀ ಯಾವುದರಾಗ ಕೆಲಸ ಮಾಡಾಕ ಹತ್ತೀದಿ?
ತಡಿಯೋ, 'ಮುಹೂರ್ತ' ಒತ್ತೀನಿ.
'ಮು' ಬಂದೈತಿ.
'ಹೂ' ದಾರ್ಯಾಗ ಐತಿ.
ಅಷ್ಟೊತ್ತಿಗೆ ಇವರಿಗೊಂದು ಚಾ ಹೇಳತೀನಿ.